ಎಎ ಮೀಟಿಂಗ್‌ಗೆ ಹೋದರೆ ಆಧಾರ್ ಕೇಳ್ತಾರಾ? ಸತ್ಯಾಂಶ

ವಾಟ್ಸಾಪ್‌ನಲ್ಲಿ ಓಡಾಡುವ ಮಾತು ಇದು: "ಕುಡಿತ ಬಿಡಿಸುವ ಎಎ ಮೀಟಿಂಗ್‌ಗೆ ಹೋದರೆ ಆಧಾರ್ ಬರೆಸಿಕೊಳ್ಳುತ್ತಾರೆ, ಫೀಸು ಕೇಳುತ್ತಾರೆ, ಚರ್ಚ್‌ನಲ್ಲಿ ಮತಾಂತರ ಮಾಡುತ್ತಾರೆ."

ಮೂರೂ ಸುಳ್ಳು. ಎಎ ಅಂದರೆ ಆಲ್ಕೊಹಾಲಿಕ್ಸ್ ಅನಾನಿಮಸ್, ಕುಡಿತ ಬಿಡಲು ಒಬ್ಬರಿಗೊಬ್ಬರು ನೆರವಾಗುವವರ ಕೂಟ. ಇದು 1935ರಲ್ಲಿ ಅಮೆರಿಕದ ಆಕ್ರನ್‌ನಲ್ಲಿ ಶುರುವಾಯಿತು. 'ಅನಾನಿಮಸ್' ಅಂದರೇನೇ ಹೆಸರು ಹೇಳದವರು, ಅಲ್ವಾ? ಸೇರಲು ಇರುವ ಷರತ್ತು ಒಂದೇ: ಕುಡಿತ ಬಿಡಬೇಕೆಂಬ ಆಸೆ. ಫೀಸಿಲ್ಲ. ಖರ್ಚಿಗೆ ಸದಸ್ಯರೇ ಇಷ್ಟವಿದ್ದಷ್ಟು ಹಾಕುತ್ತಾರೆ. ಹೊರಗಿನವರ ದೇಣಿಗೆ ತೆಗೆದುಕೊಳ್ಳುವುದಿಲ್ಲ.

ಚರ್ಚ್ ವಿಷಯಕ್ಕೆ ಬರೋಣ. ಅನುಮಾನ ಹುಟ್ಟುವುದೇ ಇಲ್ಲಿ. ಎಷ್ಟೋ ಗುಂಪುಗಳು ಚರ್ಚ್ ಹಾಲ್‌ನಲ್ಲಿ, ಶಾಲೆಯ ಕೋಣೆಯಲ್ಲಿ ಸೇರುವುದು ನಿಜ. ಕಡಿಮೆ ಬಾಡಿಗೆಗೆ ಜಾಗ ಸಿಗುತ್ತದೆ, ಅಷ್ಟೇ. ಕುಡಿತ ಬಿಡಲು ಅವರು ಅನುಸರಿಸುವ ಹನ್ನೆರಡು ಹೆಜ್ಜೆಗಳಲ್ಲಿ ದೇವರ ಮಾತೂ ಇದೆ. ಆದರೆ 'ನಾವು ತಿಳಿದುಕೊಂಡಂತೆ ದೇವರು' ಎಂದೇ ಬರೆದಿದ್ದಾರೆ. ನಿಮ್ಮ ಮನೆದೇವರಾದರೂ ಸರಿ, ದೇವರನ್ನು ನಂಬದಿದ್ದರೂ ಸರಿ.

ಮೊದಲ ದಿನ ಮಾತಾಡಲೇಬೇಕು ಅಂತಿಲ್ಲ. ಸುಮ್ನೆ ಕೂತು ಕೇಳಬಹುದು. 'ಓಪನ್' ಮೀಟಿಂಗ್‌ಗೆ ಹೆಂಡತಿ, ಅಣ್ಣ, ಗೆಳೆಯ ಯಾರಾದರೂ ಜೊತೆಗೆ ಬರಬಹುದು. 'ಕ್ಲೋಸ್ಡ್' ಮೀಟಿಂಗ್ ಕುಡಿತ ಬಿಡಬೇಕೆನ್ನುವವರಿಗೆ ಮಾತ್ರ. ಮನೆಯವರಿಗೆ ಅಲ್-ಅನಾನ್ ಎಂಬ ಬೇರೆ ಗುಂಪಿದೆ.

ಹತ್ತಿರದ ಮೀಟಿಂಗ್ ಎಲ್ಲಿ ಅಂತ ಎಎ ಇಂಡಿಯಾ ವೆಬ್‌ಸೈಟ್‌ನಲ್ಲಿ ಹುಡುಕಿ. ವ್ಯಸನಮುಕ್ತಿಗೆ ಸರ್ಕಾರದ ಉಚಿತ ಸಹಾಯವಾಣಿಯೂ ಇದೆ: 14446.

ಒಂದು ಎಚ್ಚರ. ದಿನಾ ಜಾಸ್ತಿ ಕುಡಿಯುವವರು ಒಮ್ಮೆಲೇ ನಿಲ್ಲಿಸಿದರೆ ಫಿಟ್ಸ್ ಬರಬಹುದು, ಜೀವಕ್ಕೂ ಅಪಾಯ. ಅಂಥವರು ಮೊದಲು ಡಾಕ್ಟರನ್ನು ನೋಡಬೇಕು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೆಂದೇ ವಿಭಾಗವಿದೆ.