ಬಾವು ಇಳಿಸೋ ಬಿಳಿ ಮಾತ್ರೆ ಬಗ್ಗೆ ಒಂದ್ಮಾತು
ನಮ್ಮ ಮಂಡ್ಯ ಕಡೆ ಕಬ್ಬು ಕಟಾವು ಶುರುವಾದ್ರೆ ಸಾಕು, ಕಾಲಿಗೆ ಕೂಳೆ ಚುಚ್ಚಿಸ್ಕೊಂಡವ್ರು, ಕೈಗೆ ಮಚ್ಚು ತಾಗಿಸ್ಕೊಂಡವ್ರು ಬೀದಿಗೊಬ್ರು ಸಿಕ್ತಾರೆ. ಮಾರನೇ ದಿನ ಆ ಜಾಗ ಕೆಂಪಗಾಗಿ, ಬಿಸಿಯಾಗಿ, ಊದ್ಕೊಂಡು ಸೆಳೀತಿರುತ್ತೆ, ಸೀದಾ ಮೆಡಿಕಲ್ ಸ್ಟೋರ್‌ಗೆ ಹೋಗಿ "ಬಾವು ಇಳಿಯೋಕೆ ಏನಾದ್ರೂ ಕೊಡಣ್ಣ" ಅಂತಾರೆ, ಅವ್ರು ಚೀಟಿನೂ ಕೇಳ್ದೆ ಪೇಪರಲ್ಲಿ ಮೂರ್ನಾಲ್ಕು ಮಾತ್ರೆ ಕಟ್ಟಿ ಕೊಡ್ತಾರೆ. ಅದ್ರಲ್ಲಿ ಸಣ್ಣ ಬಿಳಿ ಮಾತ್ರೆ ಎಷ್ಟೋ ಸಲ ಸ್ಟೀರಾಯ್ಡ್, ಅಂದ್ರೆ ಬಾವನ್ನೇ ಅದುಮಿಡೋ ಔಷಧಿ ಆಗಿರುತ್ತೆ. ನಂಗೆ ಹೊಟ್ಟೆ ಉರಿಯೋದು ಅಲ್ಲೇ.

ಆ ಬಾವು ಇದ್ಯಲ್ಲ, ಅದು ಮೈ ಮಾಡ್ತಿರೋ ಕೆಲ್ಸ ಕಣ್ರಪ್ಪ. ಚರ್ಮದ ಕೆಳಗೆ ಮ್ಯಾಕ್ರೋಫೇಜ್ ಅನ್ನೋ ರಕ್ಷಣಾ ಜೀವಕಣಗಳು ಯಾವಾಗ್ಲೂ ಕಾವಲಿರ್ತವೆ, ಅವುಗಳ ಮೈಮೇಲಿರೋ ಟೋಲ್ ಥರದ ರಿಸೆಪ್ಟರ್‌ಗಳು, ಅಂದ್ರೆ ರೋಗಾಣು ಪತ್ತೆ ಹಚ್ಚೋ ಪ್ರೋಟೀನ್‌ಗಳು, ಬ್ಯಾಕ್ಟೀರಿಯಾ ಗೋಡೆ ಚೂರನ್ನ ಕಂಡ್ರೆ ಸಾಕು ಗುರುತು ಹಿಡೀತವೆ. (1996ರಲ್ಲಿ ವಿಜ್ಞಾನಿ ಜೂಲ್ಸ್ ಹಾಫ್‌ಮನ್ ತಂಡ ಹಣ್ಣಿನ ನೊಣದಲ್ಲಿ ಟೋಲ್ ಅನ್ನೋ ಜೀನ್ ಕೆಟ್ಟಿದ್ರೆ ಅದು ಬೂಷ್ಟಿನ ಸೋಂಕಿಗೇ ಸಾಯುತ್ತೆ ಅಂತ ತೋರಿಸಿದ್ರು, 1998ರಲ್ಲಿ ಬ್ರೂಸ್ ಬಾಯ್ಟ್ಲರ್ ಇಲಿಯಲ್ಲಿ ಅಂಥದ್ದೇ ರಿಸೆಪ್ಟರ್ ಹುಡುಕಿದ್ರು, ಇಬ್ರಿಗೂ 2011ರಲ್ಲಿ ನೊಬೆಲ್ ಬಂತು.) ಗುರುತು ಸಿಕ್ಕ ಕೂಡ್ಲೇ ಸೈಟೊಕೈನ್ ಅನ್ನೋ ಸಂದೇಶದ ಪ್ರೋಟೀನ್‌ಗಳು ಹೊರಡ್ತವೆ, ಸುತ್ತಲ ರಕ್ತನಾಳ ಅಗಲ ಆಗುತ್ತೆ, ಅದಕ್ಕೇ ಕೆಂಪು, ಬಿಸಿ, ನಾಳದ ಗೋಡೆ ಸಡಿಲ ಆಗಿ ನೀರು ಹೊರಗೆ ಜಿನುಗುತ್ತೆ, ಅದೇ ಊತ. ಆ ಸಂದಿಯಿಂದ್ಲೇ ನ್ಯೂಟ್ರೋಫಿಲ್ ಅನ್ನೋ ಬಿಳಿ ರಕ್ತಕಣಗಳು ನುಗ್ಗಿ ಬ್ಯಾಕ್ಟೀರಿಯಾ ನುಂಗ್ತವೆ, ಹಾಗೇ ಸಾಯ್ತವೆ. ನಾವು ಅಸಹ್ಯ ಪಟ್ಕೊಳ್ಳೋ ಕೀವು ಅಂದ್ರೆ ಬಹುಪಾಲು ಅವುಗಳದ್ದೇ ಹೆಣ. ಅದೇ ಸಂದೇಶ ಮಿದುಳಿಗೂ ಹೋಗಿ ಜ್ವರ ಏರುತ್ತೆ, ಲಿವರ್‌ಗೆ ಹೋದಾಗ ಸಿಆರ್‌ಪಿ ಅನ್ನೋ ಪ್ರೋಟೀನ್ ಜಾಸ್ತಿ ಆಗುತ್ತೆ, ಲ್ಯಾಬಲ್ಲಿ ರಕ್ತ ಪರೀಕ್ಷೆ ಮಾಡಿ ನೋಡೋದು ಅದನ್ನೇ. ಕಾಲಿಗೆ ಗಾಯ ಆದ್ರೆ ತೊಡೆಸಂದಿಲಿ ಗಡ್ಡೆ ಕಟ್ಟೋದೂ ಇದ್ರಿಂದ್ಲೇ, ಅಲ್ಲಿ ಆ ರೋಗಾಣುವಿಗೇ ಗುರಿಯಿಟ್ಟು ಹೋರಾಡೋ ಟಿ ಕಣ, ಬಿ ಕಣ ಅನ್ನೋ ಬಿಳಿ ರಕ್ತಕಣಗಳು ತಯಾರಾಗ್ತಿರ್ತವೆ. ಹೊಸ ರೋಗಾಣು ಆದ್ರೆ ಅವು ಪೂರ್ತಿ ರೆಡಿಯಾಗೋಕೆ ಹೆಚ್ಚುಕಮ್ಮಿ ಒಂದು ವಾರ ಬೇಕು, ಅಲ್ಲೀವರ್ಗೂ ತಡ್ಕೊಂಡಿರೋದು ಈ ಬಾವೇ.

ಸ್ಟೀರಾಯ್ಡ್ ಈ ಸಂದೇಶಗಳನ್ನೇ ಅಡಗಿಸುತ್ತೆ. ಬೆಳಗ್ಗೆಗೆ ಊತ ಇಲ್ಲ, ನೋವಿಲ್ಲ, ವಾಸಿ ಆಯ್ತು ಅಂತ ಗದ್ದೆಗಿಳೀತಾರೆ, ಒಳಗೆ ರೋಗಾಣು ಆರಾಮಾಗಿ ಬೆಳೀತಿರುತ್ತೆ. ಶುಗರ್ ಇರೋರಿಗಂತೂ ಶುಗರ್ ಏರೋದು ಬೇರೆ.

ಹಾಗಂತ ಸ್ಟೀರಾಯ್ಡೇ ವಿಷ ಅಲ್ಲ. 2020ರಲ್ಲಿ ಬ್ರಿಟನ್ನಿನ ರಿಕವರಿ ಅನ್ನೋ ಔಷಧಿ ಪರೀಕ್ಷೆಲಿ ಆಕ್ಸಿಜನ್, ವೆಂಟಿಲೇಟರ್ ಮೇಲಿದ್ದ ಕೋವಿಡ್ ರೋಗಿಗಳಲ್ಲಿ ಸಾವು ಕಮ್ಮಿ ಮಾಡಿದ್ದು ಡೆಕ್ಸಾಮೆಥಾಸೋನ್ ಅನ್ನೋ ಸ್ಟೀರಾಯ್ಡೇ, ಆಕ್ಸಿಜನ್ ಬೇಡದೇ ಇದ್ದೋರಿಗೆ ಮಾತ್ರ ಅದ್ರಿಂದ ಲಾಭ ಕಾಣ್ಲಿಲ್ಲ. ಯಾರಿಗೆ, ಯಾವಾಗ ಅನ್ನೋದನ್ನ ಡಾಕ್ಟರ್ ಹೇಳ್ಬೇಕು, ಅಂಗಡಿಯೋರಲ್ಲ.

ಗಾಯದಿಂದ ಕೆಂಪು ಗೆರೆ ಮೇಲಕ್ಕೆ ಹತ್ತಿದ್ರೆ, ಚಳಿ ನಡುಕ ಬಂದ್ರೆ, ಉಸಿರು ಕಟ್ಟಿದ್ರೆ, ಮಾತು ತೊದಲಿದ್ರೆ ಕಾಯ್ಬೇಡಿ, ಅವತ್ತೇ ಮಂಡ್ಯದ ಮಿಮ್ಸ್ ಆಸ್ಪತ್ರೆಗೋ ಮೈಸೂರಿನ ಕೆ.ಆರ್. ಆಸ್ಪತ್ರೆಗೋ ಹೋಗಿ. ಮಾತ್ರೆ ಕಟ್ಟಿ ಕೊಟ್ರೆ ಹೆಸ್ರು ಕೇಳಿ, ಪ್ರೆಡ್ನಿಸೋಲೋನ್, ಡೆಕ್ಸಾಮೆಥಾಸೋನ್, ಬೀಟಾಮೆಥಾಸೋನ್ ಅಂತ ಹೇಳಿದ್ರೆ ಅವು ಸ್ಟೀರಾಯ್ಡ್, ಡಾಕ್ಟರನ್ನ ಕೇಳ್ದೆ ನುಂಗ್ಬೇಡಿ. ಈಗಾಗ್ಲೇ ತಿಂಗಳಾನುಗಟ್ಟಲೆ ಇದನ್ನ ತಗೊತಿರೋರು ಮಾತ್ರ ಒಂದೇ ಸಲ ನಿಲ್ಲಿಸ್ಬೇಡಿ, ಅದೂ ಅಪಾಯ, ಡಾಕ್ಟರ್ ಹೇಳ್ದಂಗೆ ಮೆಲ್ಲಗೆ ಕಮ್ಮಿ ಮಾಡಿ.