ದೆನಾ ಹತ್ತಿರಕ್ಕೆ, ದೇಖ್ ದೂರಕ್ಕೆ

ಬೈಬಲಿನ ಕೆಲವು ಭಾಗಗಳ ಹಳೆಯ ಭಾಷೆಯಾದ ಅರಮೇಯಿಕ್‌ನಲ್ಲಿ 'ದೆನಾ' ಅಂದರೆ 'ಇದು', 'ದೇಖ್' ಅಂದರೆ 'ಅದು' ಎಂದು ಲೇಖನದಲ್ಲಿ ಒಂದೇ ಸಾಲಲ್ಲಿ ಮುಗಿಸಿದ್ದೀರಿ. ಸರಿಯೇ, ಆದರೆ ಮಜಾ ಇರುವುದು ಇವು ಬಳಕೆಯಾಗುವ ಜಾಗದಲ್ಲಿ. ಬೈಬಲಿನ ಎಜ್ರನ ಪುಸ್ತಕದ 5ನೇ ಅಧ್ಯಾಯ ನೋಡಿ. ಪರ್ಷಿಯಾದ ಅಧಿಕಾರಿ ತತ್ತೆನೈ ಜೆರುಸಲೇಮಿಗೇ ಬಂದು, ದೇವರ ಗುಡಿ ಕಟ್ಟುತ್ತಿರುವವರ ಎದುರು ನಿಂತು ಕೇಳುವಾಗ 'ಬೈತಾ ದೆನಾ', ಅಂದರೆ ಈ ಮನೆ, ಅನ್ನುತ್ತಾನೆ. ಅವನೇ ರಾಜ ದಾರ್ಯಾವೆಷನಿಗೆ ಬರೆದ ಪತ್ರದ ಕೊನೆಗೆ ಬಂದಾಗ ಅದೇ ಗುಡಿ 'ಬೇತ್ ಎಲಾಹಾ ದೇಖ್', ಆ ದೇವರ ಮನೆ! 6ನೇ ಅಧ್ಯಾಯದಲ್ಲಿ ರಾಜನ ಉತ್ತರದಲ್ಲೂ 'ದೇಖ್' ಬರುತ್ತದೆ. ದೂರದಿಂದ ಬರೆಯುವವನು ಇನ್ನೇನು ಬರೆದಾನು, ಅಲ್ವಾ? 'ಮೇಲೆ ಹೇಳಿದ ಆ ಗುಡಿ' ಎಂಬ ಕಚೇರಿ ಧಾಟಿಯೂ ಇದರಲ್ಲಿ ಇದ್ದೀತು.

ಇನ್ನೊಂದು ವಿಷಯ. ನಮ್ಮ 'ಈ', 'ಆ' ಯಾವ ಪದದ ಮುಂದೆ ಬಂದರೂ ಬದಲಾಗುವುದಿಲ್ಲ. ಅರಮೇಯಿಕ್‌ನಲ್ಲಿ ಹಾಗಲ್ಲ. ಊರು ಸ್ತ್ರೀಲಿಂಗ, ಹಾಗಾಗಿ 4ನೇ ಅಧ್ಯಾಯದ ದೂರುಪತ್ರದಲ್ಲಿ 'ಕಿರ್ಯತಾ ದಾಖ್', ಆ ಊರು. 'ದೇಖ್'ನ ಬಹುವಚನಕ್ಕೆ 'ಇಲ್ಲೇಖ್', ಅದು ಬೈಬಲಿನ ದಾನಿಯೇಲನ ಪುಸ್ತಕದಲ್ಲಿ ಜಾಸ್ತಿ. ಜೊತೆಗೆ ಇವು ಸಾಮಾನ್ಯವಾಗಿ ನಾಮಪದದ ಹಿಂದೆ ಬರುತ್ತವೆ, 'ಮನೆ ಈ' ಅಂದ ಹಾಗೆ. ಆದರೆ ಎಜ್ರ 5:4ರಲ್ಲಿ 'ದೆನಾ ಬಿನ್ಯಾನಾ', ಈ ಕಟ್ಟಡ, ಎಂದು ನಮ್ಮ ಕ್ರಮದಲ್ಲೇ ಇದೆ. ಇದರ ಬಗ್ಗೆಯೂ ಒಂದೆರಡು ಸಾಲು ಸೇರಿಸಿ.