ಯಾರೂ ಹೇಳದೆ ಕತ್ತರಿಸಿದ ನಾಲ್ಕು ನಿಮಿಷ

ಜಪಾನೀ ಭಾಷೆಯಲ್ಲಿ ‘ಸೊನ್ತಾಕು’ ಎಂಬ ಬಲು ಮರ್ಯಾದಸ್ಥ ಪದವೊಂದಿದೆ. ದೊಡ್ಡವರು ಬಾಯಿ ಬಿಟ್ಟು ಹೇಳುವ ಮೊದಲೇ ಅವರ ಇಂಗಿತವನ್ನು ಅರಿತು ಅದರಂತೆ ನಡೆದುಕೊಂಡು, ಆಮೇಲೆ ‘ನಮಗೆ ಯಾರೂ ಏನೂ ಹೇಳಲಿಲ್ಲ’ ಎಂದು ಎದೆ ತಟ್ಟಿಕೊಳ್ಳುವ ಕಲೆಗೆ ಆ ಹೆಸರು. 2017ರಲ್ಲಿ ಈ ಪದಕ್ಕೆ ಆ ದೇಶದ ವರ್ಷದ ಪದವೆಂಬ ಪ್ರಶಸ್ತಿಯಲ್ಲಿ ಪಾಲು ಸಿಕ್ಕಿತು. ಪ್ರಶಸ್ತಿ ತೀರಾ ತಡವಾಯಿತೆಂಬುದಷ್ಟೇ ನನ್ನ ಆಕ್ಷೇಪ. ಸಾರ್ವಜನಿಕ ಪ್ರಸಾರ ಸಂಸ್ಥೆಯಾದ ಎನ್‌ಎಚ್‌ಕೆ ಅದಕ್ಕೂ ಹದಿನಾರು ವರ್ಷ ಮೊದಲೇ ಈ ಕಲೆಯ ನಲವತ್ತು ನಿಮಿಷಗಳ ಪ್ರಾತ್ಯಕ್ಷಿಕೆಯನ್ನು ದೇಶಕ್ಕೆಲ್ಲ ತೋರಿಸಿತ್ತು.

2000ದ ಡಿಸೆಂಬರಿನಲ್ಲಿ ಮಹಿಳಾ ಸಂಘಟನೆಗಳು ಟೋಕಿಯೊದಲ್ಲಿ, ಶಿಕ್ಷೆ ವಿಧಿಸುವ ಅಧಿಕಾರವಿಲ್ಲದ, ಒಂದು ಸಾಂಕೇತಿಕ ಜನತಾ ನ್ಯಾಯಾಲಯವನ್ನು ನಡೆಸಿದವು. ಎರಡನೆಯ ಮಹಾಯುದ್ಧದ ಕಾಲದಲ್ಲಿ ‘ಸಾಂತ್ವನ ಮಹಿಳೆಯರು’ ಎಂಬ ನಯವಾದ ಹೆಸರಿನಡಿ ಜಪಾನಿನ ಸೇನೆಯ ಲೈಂಗಿಕ ದಾಸ್ಯಕ್ಕೆ ಸಿಲುಕಿದ್ದ ಹೆಂಗಸರು ಅಲ್ಲಿ ಸಾಕ್ಷ್ಯ ನುಡಿದರು. ಅಪರೂಪಕ್ಕೆ, ಮಾಜಿ ಸೈನಿಕರೂ ತಾವು ಮಾಡಿದ್ದನ್ನು ಒಪ್ಪಿಕೊಂಡರು. ಚಕ್ರವರ್ತಿ ಹಿರೊಹಿಟೊ ಅವರನ್ನೂ ಆ ನ್ಯಾಯಾಲಯ ತಪ್ಪಿತಸ್ಥರೆಂದು ಸಾರಿತು. ಎನ್‌ಎಚ್‌ಕೆ ಈ ಕುರಿತ ಕಾರ್ಯಕ್ರಮವನ್ನು 2001ರ ಜನವರಿ 30ರಂದು ಪ್ರಸಾರ ಮಾಡುವುದಿತ್ತು. ಹಿಂದಿನ ದಿನ ಸಂಸ್ಥೆಯ ಹಿರಿಯ ಅಧಿಕಾರಿಗಳು ಆಗಿನ ಉಪ ಮುಖ್ಯ ಸಂಪುಟ ಕಾರ್ಯದರ್ಶಿ, ರಾಜಕಾರಣಿ ಶಿಂಜೊ ಅಬೆ ಅವರನ್ನು ಕಂಡು ಬಂದರು. ಕಾರ್ಯಕ್ರಮ ನ್ಯಾಯಸಮ್ಮತವೂ ತಟಸ್ಥವೂ ಆಗಿರಲಿ ಎಂದಷ್ಟೇ ಅಬೆ ಹೇಳಿದರಂತೆ. ಯಾವ ಹಿರಿಯರಾದರೂ ಹರಸಬಹುದಾದ ಮಾತೇ ಅದು! ಆ ಹರಕೆಯ ಬಲ ಎಂಥದೆಂದರೆ, ನಲವತ್ನಾಲ್ಕು ನಿಮಿಷಗಳ ಅವಧಿಗೆ ಹೊಂದಬೇಕಿದ್ದ ಕಾರ್ಯಕ್ರಮ ಪ್ರಸಾರದ ಹೊತ್ತಿಗೆ ನಲವತ್ತು ನಿಮಿಷಕ್ಕೆ ಇಳಿದಿತ್ತು. ತೀರ್ಪೂ ಹೋಗಿತ್ತು, ಸೈನಿಕರ ತಪ್ಪೊಪ್ಪಿಗೆಯೂ ಹೋಗಿತ್ತು.

ಕತ್ತರಿಸಲು ಹೇಳಿದವರಾರು? ಯಾರೂ ಅಲ್ಲ. ಸಂಘಟಕರು ಮೊಕದ್ದಮೆ ಹೂಡಿದರು, ಸಂಸ್ಥೆಯ ಒಳಗಿನವರೊಬ್ಬರು 2005ರಲ್ಲಿ ಬಹಿರಂಗವಾಗಿ ಬಾಯಿಬಿಟ್ಟರು, ದೊಡ್ಡ ರಂಪವೇ ಆಯಿತು. ಆ ಭೇಟಿಗೆ ಸರಿಯಾಗಿ ಆರು ವರ್ಷ ತುಂಬಿದ ದಿನ, 2007ರ ಜನವರಿ 29ರಂದು, ಟೋಕಿಯೊ ಹೈಕೋರ್ಟ್ ತೀರ್ಪು ಕೊಟ್ಟಿತು: ರಾಜಕಾರಣಿಗಳು ನಿರ್ದಿಷ್ಟ ಸೂಚನೆ ಕೊಟ್ಟರೆನ್ನಲು ಆಧಾರವಿಲ್ಲ, ಅಧಿಕಾರಿಗಳೇ ಅವರ ಮಾತನ್ನು ಅಗತ್ಯಕ್ಕಿಂತ ಭಾರವಾಗಿ ತೆಗೆದುಕೊಂಡು, ಇಂಗಿತವನ್ನು ಊಹಿಸಿ, ಕಾರ್ಯಕ್ರಮವನ್ನು ಬದಲಿಸಿದ್ದಾರೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಕಥೆ ನಮಗೆ ಗೊತ್ತು. ಇಲ್ಲಿ ಕಳ್ಳ ಎಂದು ಯಾರೂ ಕೂಗಲೇ ಇಲ್ಲ, ಆದರೂ ಇಡೀ ಸಂಸ್ಥೆ ಹೆಗಲು ಒರೆಸಿಕೊಂಡಿತು. ಹೈಕೋರ್ಟ್ ಇಪ್ಪತ್ತು ಲಕ್ಷ ಯೆನ್ ಪರಿಹಾರ ಕೊಡಿಸಿತು. ಮರುವರ್ಷ ಜೂನ್ 12ರಂದು ಸುಪ್ರೀಂ ಕೋರ್ಟ್ ಅದನ್ನೂ ರದ್ದುಪಡಿಸಿತು: ಕಾರ್ಯಕ್ರಮ ಹೀಗೇ ಬರುತ್ತದೆಂಬ ನಿರೀಕ್ಷೆಗೆ ಸಾಮಾನ್ಯವಾಗಿ ಕಾನೂನಿನ ರಕ್ಷಣೆ ಇಲ್ಲ, ಸಂಪಾದಕೀಯ ಸ್ವಾತಂತ್ರ್ಯ ಪ್ರಸಾರ ಸಂಸ್ಥೆಗೆ ಸೇರಿದ್ದು. ಹೀಗೆ, ಸರ್ಕಾರದ ಹಸ್ತಕ್ಷೇಪದಿಂದ ಪತ್ರಕರ್ತರನ್ನು ಕಾಯಲೆಂದು ಹುಟ್ಟಿದ ಸ್ವಾತಂತ್ರ್ಯವು, ಆ ಹಸ್ತದ ನೆರಳು ಕಂಡೊಡನೆ ತಲೆಬಾಗುವ ಸ್ವಾತಂತ್ರ್ಯವನ್ನೂ ಕಾಯಿತು.

ಈಗ ಮೂಲ ಅಪರಾಧದ ಕಡೆ ನೋಡಿ; ಅಲ್ಲಿನ ವಾದವೂ ಇದರ ಅವಳಿಯಂತಿದೆ. ಸೇನೆಯ ಪಾತ್ರವನ್ನೂ ಬಲವಂತವನ್ನೂ 1993ರ ಕೊನೊ ಹೇಳಿಕೆಯಲ್ಲಿ ಸರ್ಕಾರವೇ ಒಪ್ಪಿಕೊಂಡಿತ್ತು. ಆದರೆ 2007ರ ಮಾರ್ಚ್‌ನಲ್ಲಿ, ಅಷ್ಟರಲ್ಲಿ ಪ್ರಧಾನಿಯಾಗಿದ್ದ ಅಬೆ ಅವರ ಸಂಪುಟ, ಹೆಂಗಸರನ್ನು ಸೇನೆ ಬಲಾತ್ಕಾರವಾಗಿ ಎಳೆದೊಯ್ದಿತೆಂದು ನೇರವಾಗಿ ತೋರಿಸುವ ಬರಹ ಸರ್ಕಾರ ಕಂಡುಕೊಂಡ ಕಡತಗಳಲ್ಲಿ ಇರಲಿಲ್ಲ ಎಂದು ಉತ್ತರಿಸಿತು. 1945ರ ಆಗಸ್ಟಿನಲ್ಲಿ, ಶರಣಾಗತಿಯ ದಿನಗಳಲ್ಲಿ, ಸೇನೆಯ ಅಂಗಳಗಳಲ್ಲಿ ಕಡತಗಳು ರಾಶಿ ರಾಶಿಯಾಗಿ ಉರಿದದ್ದನ್ನು ಬಲ್ಲವರಿಗೆ ಈ ಹುಡುಕಾಟದ ಶ್ರದ್ಧೆ ಕಣ್ಣೀರು ತರಿಸಬೇಕು. ಮನೆಗೆ ಬೆಂಕಿಯಿಟ್ಟು, ಬೂದಿಯನ್ನು ಜರಡಿ ಹಿಡಿದು, ಹಕ್ಕುಪತ್ರ ಸಿಗಲಿಲ್ಲವಾದ್ದರಿಂದ ಮನೆಯೇ ಇರಲಿಲ್ಲ ಎಂದಂತಾಯಿತು. ಉರಿಯದೆ ಉಳಿದವೂ ಇದ್ದವು: ಇತಿಹಾಸಕಾರ ಯೊಶಿಮಿ ಯೊಶಿಯಾಕಿ 1992ರಲ್ಲಿ ರಕ್ಷಣಾ ಇಲಾಖೆಯ ಗ್ರಂಥಾಲಯದಿಂದಲೇ ಸೇನೆಯ ಪಾತ್ರ ತೋರುವ ಕಡತಗಳನ್ನು ಹೊರತೆಗೆದರು, ಜಾವಾದ ಸೆಮರಾಂಗ್‌ನಲ್ಲಿ ಡಚ್ ಹೆಂಗಸರನ್ನು ಬಲವಂತವಾಗಿ ಇದಕ್ಕೆ ದೂಡಿದ್ದಕ್ಕಾಗಿ ಬಟಾವಿಯಾದ (ಇಂದಿನ ಜಕಾರ್ತಾ) ಡಚ್ ಸೇನಾ ನ್ಯಾಯಾಲಯ 1948ರಲ್ಲೇ ಜಪಾನಿನ ಅಧಿಕಾರಿಯೊಬ್ಬನಿಗೆ ಮರಣದಂಡನೆ ವಿಧಿಸಿತ್ತು. ಬದುಕುಳಿದ ಹೆಂಗಸರ ಮಾತಂತೂ ಇದ್ದೇ ಇತ್ತು. ಏನು ಮಾಡುವುದು, ಮಾತಿಗೆ ಮೊಹರು ಇರುವುದಿಲ್ಲ.

ಕಾಗದದ ಮೇಲೆ ಇಷ್ಟು ಭಕ್ತಿಯಿರುವ ವ್ಯವಸ್ಥೆ ತನ್ನ ಕಾಗದಗಳನ್ನು ಹೇಗೆ ಬರೆಯಿಸಿಕೊಳ್ಳುತ್ತದೆಂಬುದನ್ನೂ ನೋಡಬೇಕು. ಎನ್‌ಎಚ್‌ಕೆಯ ಅಧ್ಯಕ್ಷರನ್ನು ಆರಿಸುವುದು ಅದರ ಆಡಳಿತ ಮಂಡಳಿ. ಆ ಮಂಡಳಿಯನ್ನು ಸಂಸತ್ತಿನ ಒಪ್ಪಿಗೆ ಪಡೆದು ನೇಮಿಸುವುದು ಪ್ರಧಾನಿ. ಹೀಗೆ 2014ರ ಜನವರಿಯಲ್ಲಿ ಬಂದು ಕೂತ ಕಟ್ಸುಟೊ ಮೊಮೀ, ಸರ್ಕಾರ ಬಲ ಎಂದದ್ದನ್ನು ತಾವು ಎಡ ಎನ್ನಲಾಗದು ಎಂದು ಮೊದಲ ಪತ್ರಿಕಾಗೋಷ್ಠಿಯಲ್ಲೇ ತಿಳಿಸಿದರು. ಯುದ್ಧ ನಡೆದ ದೇಶಗಳಲ್ಲೆಲ್ಲ ಇಂಥ ಹೆಂಗಸರು ಇದ್ದರು ಎಂದೂ ಸೇರಿಸಿದರು. ಅದಕ್ಕಿಂತ ರಸವತ್ತಾದ ಸಂಗತಿ ಮುಂದಿನ ತಿಂಗಳು ಸಂಸತ್ತಿನಲ್ಲಿ ಹೊರಬಿತ್ತು. ಹತ್ತು ಮಂದಿ ನಿರ್ದೇಶಕರಿಂದ ಅವರು ರಾಜೀನಾಮೆ ಪತ್ರ ಬರೆಯಿಸಿಟ್ಟುಕೊಂಡಿದ್ದರು, ದಿನಾಂಕದ ಜಾಗವನ್ನು ಖಾಲಿ ಬಿಟ್ಟು. ಯುದ್ಧದ ಕಡತದಲ್ಲಿ ಒಂದು ಸಾಲು ಕಡಿಮೆಯಾದರೆ ಚರಿತ್ರೆಯೇ ಸುಳ್ಳು; ರಾಜೀನಾಮೆಯಲ್ಲಿ ದಿನಾಂಕವಿಲ್ಲದಿದ್ದರೆ ಆಡಳಿತ ಸುಗಮ. ಅದೇ ಫೆಬ್ರುವರಿಯಲ್ಲಿ ಆಡಳಿತ ಮಂಡಳಿಯ ಸದಸ್ಯರೊಬ್ಬರು, ಜಪಾನಿನ ಸೇನೆ 1937ರಲ್ಲಿ ಚೀನಾದಲ್ಲಿ ನಡೆಸಿದ ನಾನ್‌ಜಿಂಗ್ ಹತ್ಯಾಕಾಂಡ ನಡೆದೇ ಇಲ್ಲವೆಂದು ಚುನಾವಣಾ ಭಾಷಣದಲ್ಲಿ ಹೇಳಿದ್ದನ್ನು ಇಲ್ಲಿ ಹಾಗೆಯೇ ದಾಟಿ ಹೋಗುತ್ತೇನೆ, ಏಕೆಂದರೆ ಅದು ಅವರ ಖಾಸಗಿ ಅಭಿಪ್ರಾಯವಂತೆ.

2016ರ ಫೆಬ್ರುವರಿಯಲ್ಲಿ ಸಂವಹನ ಖಾತೆಯ ಸಚಿವೆ ಸನೆ ತಕೈಚಿ, ರಾಜಕೀಯವಾಗಿ ಪಕ್ಷಪಾತ ತೋರುತ್ತಲೇ ಇರುವ ವಾಹಿನಿಗಳ ಪ್ರಸಾರವನ್ನು ನಿಲ್ಲಿಸುವ ಸಾಧ್ಯತೆ ಕಾನೂನಿನಲ್ಲಿದೆ ಎಂದು ಸಂಸತ್ತಿಗೆ ನೆನಪಿಸಿದರು. ಯಾವ ವಾಹಿನಿಯನ್ನೂ ನಿಲ್ಲಿಸಲಿಲ್ಲ. ನಿಲ್ಲಿಸುವ ಅಗತ್ಯವಾದರೂ ಏನಿತ್ತು? 2010ರಲ್ಲಿ ಜಾಗತಿಕ ಪತ್ರಿಕಾ ಸ್ವಾತಂತ್ರ್ಯದ ಪಟ್ಟಿಯಲ್ಲಿ 11ನೆಯ ಸ್ಥಾನದಲ್ಲಿದ್ದ ದೇಶ 2016ರಲ್ಲಿ 72ಕ್ಕೆ ಬಂದು ನಿಂತಿತ್ತು, ಅದೂ ಯಾರೂ ತಳ್ಳದೆಯೇ.

ಇನ್ನು ಪ್ರಜೆ. ಸೆನ್ಸಾರ್‌ಶಿಪ್ ಕೂಡದೆಂದು ಸಂವಿಧಾನದ 21ನೆಯ ವಿಧಿ ಅವನಿಗೆ ಭರವಸೆ ಕೊಟ್ಟಿದೆ. ಸೆನ್ಸಾರ್ ಮಾಡಿದವರೇ ಇಲ್ಲವಾದ್ದರಿಂದ ಆ ವಿಧಿಗೆ ಗೀರೂ ಬಿದ್ದಿಲ್ಲ. ಪ್ರಸಾರ ಕಾಯ್ದೆಯ 64ನೆಯ ವಿಧಿ ಮಾತ್ರ ಊಹೆಗೆ ಎಡೆಗೊಡುವುದಿಲ್ಲ: ಟಿ.ವಿ. ಇಟ್ಟುಕೊಂಡವನು ಎನ್‌ಎಚ್‌ಕೆಯೊಡನೆ ಒಪ್ಪಂದ ಮಾಡಿಕೊಳ್ಳಲೇಬೇಕು. ಇದು ಸಂವಿಧಾನಬದ್ಧವೆಂದು ಸುಪ್ರೀಂ ಕೋರ್ಟ್ 2017ರ ಡಿಸೆಂಬರಿನಲ್ಲಿ ಎತ್ತಿಹಿಡಿಯಿತು. ಕಾರ್ಯಕ್ರಮ ಹೇಗಿರಬೇಕೆಂಬ ನಿರೀಕ್ಷೆಗೆ ರಕ್ಷಣೆಯಿಲ್ಲ, ಶುಲ್ಕ ಬರಬೇಕೆಂಬ ನಿರೀಕ್ಷೆಗೆ ಇದೆ. ನಾನು ಆ ದೇಶದ ಪ್ರಜೆಯಾಗಿದ್ದರೆ, ಬಾರದ ಆ ನಾಲ್ಕು ನಿಮಿಷಗಳ ಶುಲ್ಕವನ್ನು ಹಿಂದಿರುಗಿಸಿ ಎಂದು ಅರ್ಜಿ ಬರೆಯುತ್ತಿದ್ದೆ. ‘ಯಾರ ಆದೇಶದ ಮೇರೆಗೆ ಕಡಿತವಾಯಿತು’ ಎಂಬ ಕಾಲಂ ಖಾಲಿ ಉಳಿದಿದೆ ಎಂದು ಆ ಅರ್ಜಿ ತಿರಸ್ಕೃತವಾಗಿ ಬರುತ್ತಿತ್ತು, ಮೊಹರಿನ ಸಮೇತ.